ಅಮಾವಾಸ್ಯೆ ದಿನ ಅಳೆದ ಮನೆ

ಧಾರವಾಡದಿಂದ ಬಂದ ವ್ಯಾನು ಶಾಕವ್ವನ ಮನೆಯ ಬಾಗಿಲ ಎದುರಿಗೇ ನಿಂತಿತ್ತು. ಹೊಸ್ತಿಲು ದಾಟಿ, ಕಟ್ಟೆ ಇಳಿದು, ಗಟಾರದ ಮೇಲಿನ ಹಾಸುಗಲ್ಲು ತುಳಿದರೆ ಆಯಿತು, ವ್ಯಾನು. ಡ್ರೈವರ್ ಇಲ್ಲದೆ ತಾನೇ ದಾರಿ ಹುಡುಕಿಕೊಂಡು ಬರುವ ಗಾಡಿ ಅಂತ ಓಣಿಯ ಮಕ್ಕಳೆಲ್ಲ ಅದನ್ನು ಮುಟ್ಟಿ ಮುಟ್ಟಿ ಓಡಿಬರುತ್ತಿದ್ದವು. ಶಾಕವ್ವನಿಗೆ ಮಾತ್ರ ಅದು ಕಾಶಿಯಷ್ಟು ದೂರ. ಅವಳು ಹೊಸ್ತಿಲ ಒಳಗೆ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದಳು.

“ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು ಅಂತಿದ್ರು ಹಿರ್ಯಾರು,” ಎಂದು ಎದುರುಮನೆಯ ರುದ್ರವ್ವ ತನ್ನ ಕಟ್ಟೆಯಿಂದಲೇ ಕೂಗಿದಳು. “ನಮ್ಮ ಶಾಕವ್ವ ನೋಡ್ರಿ, ನೀರಿಗೂ ಬರಂಗಿಲ್ಲ, ನೆರಳಿಗೂ ಬರಂಗಿಲ್ಲ. ಡಾಕ್ಟರ ಗಾಡಿನ ಬಾಗಲಿಗೆ ಬಂತು. ಇನ್ನ ಅಡಗಿಮನಿ ಮಟಾ ಬರ್ಬೇಕೇನವಾ?”

ರುದ್ರವ್ವನ ಬಾಯಿ ಹಾಗೆ, ಮನಸ್ಸು ಹಾಗಲ್ಲ. ಶಾಕವ್ವನ ಮನೆಗೆ ನೀರು ಬಾರದ ದಿನ ಕೊಡ ಹೊತ್ತು ತಂದಿಡುವವಳೂ ಅವಳೇ. ಆದರೆ ಕರಿಮಟ್ಟಿಯಂಥ ನೇಕಾರರ ಊರಿನಲ್ಲಿ ಕಾಯಿಲೆ ಅಂದರೆ ಕೆಮ್ಮಬೇಕು, ಜ್ವರ ಬರಬೇಕು, ಕಾಲಾದರೂ ಮುರಿಯಬೇಕು. ಕೈಕಾಲು ಗಟ್ಟಿಯಿದ್ದು, ಹೊಟ್ಟೆತುಂಬ ಉಂಡು, ದಿನವಿಡೀ ಸೀರೆ ನೇಯುವ ಹೆಂಗಸು ಹೊರಗೆ ಬರಲಾರೆ ಅಂದರೆ ಯಾರು ನಂಬುತ್ತಾರೆ? ಸೋಗು ಅಂದರು. ಗಾಳಿ ಅಂದರು. ತಾಯತ ಕಟ್ಟಿದರು. ತಾಯತ ಕಟ್ಟಿಸಿಕೊಳ್ಳಲೂ ಅವಳು ಮನೆ ಬಿಟ್ಟು ಬರಲಿಲ್ಲ, ಕಟ್ಟುವವನೇ ಬಂದು ಕಟ್ಟಿಹೋದ.

ಹುಟ್ಟಾ ಅಂಜುಬುರುಕಿಯೇನಲ್ಲ ಅವಳು. ಓಣಿಗೆ ನುಗ್ಗಿದ ಗೂಳಿಯನ್ನು ಬರೀ ಒಂದು ಬಾರಕೋಲಿನಿಂದ ಹೊಡೆದೋಡಿಸಿದವಳು. ಊರ ಆಚೆಗಿನ ದೊಡ್ಡ ಬಯಲಲ್ಲಿ ಬೆಳಗಿನ ಜಾವ ಗಂಜಿ ಹಚ್ಚಿದ ನೂಲನ್ನು ಉದ್ದಕ್ಕೆ ಹಾಸಿ ಒಣಗಿಸುವಾಗ ಮುಂದಾಳಾಗಿ ಕೂಗು ಹಾಕುತ್ತಿದ್ದವಳು. ಅಂಥವಳು ಒಂದು ಅಮಾವಾಸ್ಯೆಯ ದಿನ ಅದೇ ಬಯಲು ದಾಟಿ ಬನಶಂಕರಿ ಗುಡಿಗೆ ಕಾಯಿ ಒಡೆಸಲು ಹೊರಟಿದ್ದಳು. ನಡುಬಯಲಿಗೆ ಬಂದಾಗ, ಯಾವ ಕಾರಣವೂ ಇಲ್ಲದೆ, ಎದೆ ದಬದಬ ಬಡಿದುಕೊಂಡಿತು. ಬೆರಳು ಜುಮ್ಮೆಂದವು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ನಾಲ್ಕೂ ಕಡೆ ಹಿಡಿಯಲು ಒಂದು ಗಿಡವಿಲ್ಲ, ಗೋಡೆಯಿಲ್ಲ, ಮೇಲೆ ಇಷ್ಟಗಲ ಆಕಾಶ. ನಾ ಸತ್ತೆ ಅಂದುಕೊಂಡು ಕಾಯಿ ಅಲ್ಲೇ ಎಸೆದು ಮನೆಗೆ ಓಡಿದಳು. ದವಾಖಾನೆಯಲ್ಲಿ ಎದೆಗೆ ತಂತಿ ಹಚ್ಚಿ ನೋಡಿ, ಹೃದಯಕ್ಕೆ ಏನೂ ಆಗಿಲ್ಲ, ಗಟ್ಟಿಯಾಗಿದೆ ಅಂದರು.

ಗಟ್ಟಿಯಾಗಿದ್ದರೆ ಮತ್ತೆ ಹಾಗೇಕಾಯಿತು? ಇನ್ನೊಮ್ಮೆ ಆದರೆ? ಈ ‘ಆದರೆ’ ಅನ್ನುವುದು ಒಳಗೆ ಹೊಕ್ಕಿತು. ಮೊದಲು ಬಯಲು ಬಿಟ್ಟಳು, ಆಮೇಲೆ ಸಂತೆ, ಆಮೇಲೆ ಬಸ್ಸು, ಆಮೇಲೆ ಓಣಿ. ಬಿಟ್ಟಷ್ಟೂ ಅಂಜಿಕೆ ಮುಂದೆ ಮುಂದೆ ಬಂದು ಕೊನೆಗೆ ಹೊಸ್ತಿಲಲ್ಲಿ ಕೂತಿತು. ಗಂಡ ಈರಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬಳೇ ಇರುವುದೂ ಆಗಲಿಲ್ಲ. ಮಗಳು ದಾಕ್ಷಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಶಾಕವ್ವ ಬೆವರಿನಲ್ಲಿ ತೊಯ್ದು ಬಾಗಿಲಲ್ಲಿ ಕೂತಿರುತ್ತಿದ್ದಳು. ದಾಕ್ಷಿಗೆ ಗಜೇಂದ್ರಗಡದ ಕಡೆ ಸಂಬಂಧ ನಿಶ್ಚಯವಾಗಿತ್ತು. ಹುಡುಗ ಒಳ್ಳೆಯವನು, ಅವನ ಮನೆಯವರೂ ಒಳ್ಳೆಯವರು, ಎರಡು ಸಲ ಮುಹೂರ್ತ ಮುಂದೆ ಹಾಕಿಕೊಂಡರು. “ಅವ್ವ ಒಬ್ಬಾಕಿನ ಮನ್ಯಾಗ ಇರೂದು ಕಲೀಲಿ, ಆಮ್ಯಾಲ ಬರ್ತೀನಿ,” ಅಂತ ದಾಕ್ಷಿ ಹೇಳಿಕಳಿಸುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಶಾಕವ್ವ ಮುಖ ತಿರುಗಿಸಿ ಮಗ್ಗಕ್ಕೆ ಕೂರುತ್ತಿದ್ದಳು. ತನ್ನ ಅಂಜಿಕೆಗೆ ತಾನು ಕೈದಿಯಾದದ್ದು ಇರಲಿ, ಮಗಳನ್ನೂ ಒಳಗೆ ಹಾಕಿಕೊಂಡು ಕದ ಮುಚ್ಚಿದ್ದೇನಲ್ಲ ಅನ್ನುವುದೇ ಅವಳ ಸಂಕಟ.

ಧಾರವಾಡದ ಡಾಕ್ಟರ್ ತಸ್ನೀಮ್ ನದಾಫ್ ಹಿಂದೆ ಮೊದಲ ಸಲ ಮನೆಗೆ ಬಂದಾಗಲೇ ಹೇಳಿದ್ದರು, “ಇದು ಸೋಗಲ್ರಿ ಶಾಕವ್ವಾರ. ಇದಕ್ಕ ಬಯಲುಭೀತಿ ಅಂತಾರ. ಹೆಸರು ಅರ್ಧ ಸುಳ್ಳು. ಅಂಜಿಕಿ ಬಯಲಿಂದಲ್ಲ. ‘ಅಲ್ಲಿ ಹಂಗಾದ್ರ ನಾ ಹೆಂಗ ತಪ್ಪಿಸ್ಕೊಳ್ಳಲಿ, ಯಾರ್ ಬರ್ತಾರ’ ಅನ್ನೂ ಅಂಜಿಕಿ. ಗುಳಿಗಿ ಅದಾವ, ಮಾತಿನ ಚಿಕಿತ್ಸಾ ಐತಿ, ಸ್ವಲ್ಪ ಸ್ವಲ್ಪ ಹೊರಗ ಹೆಜ್ಜಿ ಇಡೂದು ಐತಿ. ಭಾಳ ಮಂದಿ ಆರಾಮ ಆಗ್ಯಾರ.”

ಗುಳಿಗೆ ಶುರುವಾಗಿ ಕೆಲವು ವಾರಕ್ಕೆ ಅಂಜಿಕೆಯ ಚೂಪು ಕಡಿಮೆಯಾಗಿತ್ತು ನಿಜ. ಆದರೆ ಹೆಜ್ಜೆ? ಹೊಸ್ತಿಲ ಹತ್ತಿರ ಹೋದರೆ ಸಾಕು, ಎದೆ ಏರುತ್ತಿತ್ತು, ಏರಿದ ಕೂಡಲೇ ಅವಳು ಒಳಗೆ ಓಡುತ್ತಿದ್ದಳು. ಅದಕ್ಕೇ ಈ ವ್ಯಾನು, ಅದಕ್ಕೇ ಈ ಹೊಸ ಯಂತ್ರ.

ಯಂತ್ರ ಮಾಡಿದವನು ಪ್ರಹ್ಲಾದ ಕಟ್ಟಿ. ಎಳೆಯ ಎಂಜಿನಿಯರು, ಮಾತಿಗೊಮ್ಮೆ ಕನ್ನಡಕ ಒರೆಸಿಕೊಳ್ಳುವವನು. ಅವನು ಹೇಳಿದ್ದು ಹೀಗೆ. ನಮ್ಮ ಮಿದುಳಿನಲ್ಲಿ ಜಾಗ ಗುರುತಿಸುವ ಜೀವಕೋಶಗಳಿವೆ. ಗೋಡೆ ಎಷ್ಟು ದೂರ, ಬಾಗಿಲು ಯಾವ ಕಡೆ ಅಂತ ಅವು ಸದಾ ತಮ್ಮೊಳಗೆ ಗುನುಗುತ್ತಿರುತ್ತವೆ. ಮನೆಯಲ್ಲಿ ನೆಮ್ಮದಿಯಾಗಿ ಕೂತಾಗ ಆ ಗುನುಗಿಗೆ ಒಂದು ಧಾಟಿಯಿದೆ. ಅದನ್ನು ಹಣೆಯ ಪಟ್ಟಿಯೊಂದು ಹಿಡಿದಿಡುತ್ತದೆ, ಹೊರಗೆ ಹೋದಾಗ ಸಣ್ಣ ಕಾಂತ ಮಿಡಿತಗಳಲ್ಲಿ ವಾಪಸು ಮಿದುಳಿಗೇ ಕೇಳಿಸುತ್ತದೆ. ಕಾಲು ಸಂತೆಯಲ್ಲಿದ್ದರೂ ತಲೆಗೆ ಮನೆಯಲ್ಲೇ ಇದ್ದಂತೆ. ಅದಕ್ಕೆ ಅವರು ‘ಗೃಹಬಿಂಬ’ ಅಂತ ಹೆಸರಿಟ್ಟಿದ್ದರು.

“ಕರಾ ತುಂಬಾಕ ಮುನಸಿಪಾಲ್ಟಿಯವ್ರದೂ ಒಂದು ಮನಿ ಪಟ್ಟಿ, ತಲಿಗೆ ಕಟ್ಟಾಕ ಡಾಕ್ಟರಂದೂ ಒಂದು ಮನಿ ಪಟ್ಟಿ,” ಅಂದಳು ರುದ್ರವ್ವ. ಓಣಿಯಲ್ಲಿ ಅದೇ ಹೆಸರು ನಿಂತಿತು.

ಮನೆಯನ್ನು ಅಳೆಯಲು ಅವರು ಆರಿಸಿಕೊಂಡದ್ದು ಅಮಾವಾಸ್ಯೆಯ ದಿನವನ್ನು. ಅದರಲ್ಲಿ ಅವರ ತಪ್ಪೇನೂ ಕಾಣಲಿಲ್ಲ. ಉಳಿದ ದಿನ ಈ ಓಣಿಯಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳದು. ಮನೆಮನೆಯಲ್ಲಿ ನೆಲ ತೋಡಿ ಹೂಡಿದ ಕುಣಿಮಗ್ಗ, ಬೆಳಗಿನಿಂದ ಬೈಗಿನ ತನಕ ಲಟಕ್ ಪಟಕ್, ಲಟಕ್ ಪಟಕ್. ಅಮಾವಾಸ್ಯೆಗೆ ಮಾತ್ರ ನೇಕಾರರು ಮಗ್ಗ ಮುಟ್ಟುವುದಿಲ್ಲ. ಲಾಳಿ ಒರೆಸಿ, ಕುಂಕುಮವಿಟ್ಟು, ಊದಿನಕಡ್ಡಿ ಹಚ್ಚಿ ಸುಮ್ಮನಿರುತ್ತಾರೆ. ಸದ್ದಿಲ್ಲ, ಗದ್ದಲವಿಲ್ಲ, ಅಳತೆಗೆ ಇದಕ್ಕಿಂತ ಒಳ್ಳೆಯ ದಿನ ಎಲ್ಲಿ ಸಿಕ್ಕೀತು ಅಂತ ಪ್ರಹ್ಲಾದ ಹಿಗ್ಗಿದ.

ಶಾಕವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಳು. ಹಣೆಗೆ ಪಟ್ಟಿ ಕಟ್ಟಿದರು. ಸುತ್ತ ಮೌನ. ಅವಳ ಎದೆಯಲ್ಲಿ ಎಂದಿನ ಅಮಾವಾಸ್ಯೆಯ ನಡುಕ ಶುರುವಾಗಿತ್ತು, ಅಂಗೈ ತಣ್ಣಗಾಗಿತ್ತು. ಪ್ರಹ್ಲಾದ ಪರದೆ ನೋಡುತ್ತ ಕೇಳಿದ, “ಆರಾಮ ಇದ್ದೀರೇನ್ರಿ?”

“ಆರಾಮ್ರಿ,” ಅಂದಳು ಶಾಕವ್ವ.

ಮತ್ತೇನನ್ನಬೇಕು? ಮನೆಗೆ ಬಂದವರು ‘ಆರಾಮೇನ್ರಿ’ ಅಂದರೆ ‘ಆರಾಮ್ರಿ, ನೀವು?’ ಅನ್ನಬೇಕು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿರಲಿ, ಮಗ್ಗಕ್ಕೆ ಗೆದ್ದಲು ಹತ್ತಿರಲಿ, ನಮ್ಮ ಕಡೆ ಉತ್ತರ ಅದೊಂದೇ. ದೊಡ್ಡ ಡಾಕ್ಟರು ಅಷ್ಟು ದೂರದಿಂದ ಬಂದಿದ್ದಾರೆ, ಅವರ ಎದುರು ಗೋಳು ಹೇಳಿಕೊಂಡು ಕೂತರೆ ಚೆನ್ನವೇ? ಪ್ರಹ್ಲಾದ ಗುಂಡಿ ಒತ್ತಿದ. ಆ ‘ಆರಾಮು’ ಯಂತ್ರದೊಳಗೆ ಹೋಗಿ ಕೂತಿತು.

ಮರುದಿನ ಪಟ್ಟಿ ಕಟ್ಟಿಕೊಂಡು ಹೊಸ್ತಿಲು ದಾಟಿ ಕಟ್ಟೆಯ ಮೇಲೆ ನಿಲ್ಲುವ ಪರೀಕ್ಷೆ. ಡಾಕ್ಟರ್ ತಸ್ನೀಮರದು ಒಂದೇ ಕರಾರು. ಎದೆಬಡಿತ ಹದಕ್ಕೆ ಬಂದು ಪಟ್ಟಿಯ ಮೇಲಿನ ಕೆಂಪು ದೀಪ ಹಸಿರಾಗುವ ತನಕ ಒಳಗೆ ಹೋಗಬಾರದು. ದಾಕ್ಷಿ ಕೈ ಹಿಡಿಯಬಾರದು.

ಶಾಕವ್ವ ದಾಟಿದಳು. ಅಯ್ಯಯ್ಯೋ, ಏನದು! ಹಿಂದೆಂದೂ ಕಾಣದ ಅಂಜಿಕೆ ಹಣೆಯಿಂದಲೇ ಇಳಿದು ಬಂತು. ಕಣ್ಣು ಕತ್ತಲೆಗಟ್ಟಿತು. ಕಟ್ಟೆಯ ಕಂಬ ತಬ್ಬಿಕೊಂಡಳು.

“ಒಳಗ ಹೋಕ್ಕೀನ್ರಿ! ಸಾಯ್ತೀನ್ರಿ ನಾ!”

“ಸಂಕೇತ ಭಾಳ ಛಲೋ ಬರಲಿಕ್ಕತ್ತದ,” ಅಂದ ಪ್ರಹ್ಲಾದ ವ್ಯಾನಿನೊಳಗಿಂದ.

“ಶಾಕವ್ವಾರ, ನಿಮ್ಮ ಹೃದಯ ಈ ಪರದಿ ಮ್ಯಾಲೆ ಕಾಣತೈತಿ. ಓಡಾಕತ್ತೈತಿ, ಖರೆ. ಓಡಿದ್ರ ಒಡ್ಯಂಗಿಲ್ಲ,” ಅಂದರು ತಸ್ನೀಮ್. “ನಿಲ್ರಿ. ಏನಾಕ್ಕೈತಿ ನೋಡೂಣು.”

ದಾಕ್ಷಿ ಬಾಗಿಲಲ್ಲಿ ನಿಂತು ಎರಡೂ ಕೈ ಹಿಂದೆ ಕಟ್ಟಿಕೊಂಡು ಅಳುತ್ತಿದ್ದಳು. ಅವಳನ್ನು ನೋಡಿ ಶಾಕವ್ವ ಹಲ್ಲು ಕಚ್ಚಿ ನಿಂತಳು. ಅಂಜಿಕೆ ಏರಿತು, ಇನ್ನೂ ಏರಿತು, ಇನ್ನು ಏರಲು ಜಾಗವೇ ಇಲ್ಲ ಅನ್ನುವಷ್ಟು ಏರಿತು. ಆಮೇಲೆ, ಯಾರೂ ಏನೂ ಮಾಡದೆ, ಅದು ತಾನಾಗಿ ಇಳಿಯತೊಡಗಿತು. ಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ. ಇಷ್ಟು ವರ್ಷ ಅದು ಏರುವುದನ್ನು ಮಾತ್ರ ಕಂಡಿದ್ದಳು. ಏರಿದ ಕೂಡಲೇ ಒಳಗೆ ಓಡಿದವಳಿಗೆ ಇಳಿಯುವುದು ಕಾಣುವುದಾದರೂ ಹೇಗೆ? ಅವಳು ಕಂಬ ಬಿಟ್ಟು ತನ್ನ ಅಂಗೈ ನೋಡಿಕೊಂಡಳು. ಒದ್ದೆಯಾಗಿತ್ತು, ಆದರೆ ನಡುಗುತ್ತಿರಲಿಲ್ಲ. ಓಣಿಯ ತುದಿಯಲ್ಲಿ ಯಾರೋ ನೂಲನ್ನು ಬಣ್ಣಕ್ಕೆ ಅದ್ದಿ ಹಿಂಡಿ ಹಾಕಿದ್ದರು. ಅಷ್ಟು ಕೆಂಪನ್ನು ಬಿಸಿಲಿನಲ್ಲಿ ಅವಳು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಬೆರಗಾಗಿ ನೋಡುತ್ತಲೇ ನಿಂತಳು. ದೀಪ ಹಸಿರಾದದ್ದೂ ಗೊತ್ತಾಗಲಿಲ್ಲ.

“ಇಳೀತಲ್ಲೇ ದಾಕ್ಷಿ!” ಅಂದಳು. “ಅದು ಇಳೀತೈತಿ!”

ಹೀಗೆ ದಿನವೂ ನಡೆಯಿತು. ಕಟ್ಟೆಯಾಯಿತು, ಗಟಾರದ ಕಲ್ಲಾಯಿತು, ರುದ್ರವ್ವನ ಮನೆಯಾಯಿತು. ಪ್ರತಿ ಸಲವೂ ಏರುತ್ತಿತ್ತು, ಪ್ರತಿ ಸಲವೂ ಇಳಿಯುತ್ತಿತ್ತು, ಮತ್ತು ಬರಬರುತ್ತ ಏರುವುದೇ ಕಡಿಮೆಯಾಯಿತು. ಶಾಕವ್ವ ರುದ್ರವ್ವನ ಅಡುಗೆಮನೆಗೆ ಹೋಗಿ ಚಹಾ ಕುಡಿದ ದಿನ ರುದ್ರವ್ವ ಸಕ್ಕರೆಯ ಡಬ್ಬಿಯನ್ನೇ ಬೋರಲು ಹಾಕಿದಳು. ಪ್ರಹ್ಲಾದ ಕನ್ನಡಕ ಒರೆಸಿ ಒರೆಸಿ ಇಟ್ಟ. ಯಂತ್ರ ಗೆದ್ದಿತು ಅಂತ ಅವನ ಲೆಕ್ಕ.

ತಸ್ನೀಮರಿಗೆ ಮಾತ್ರ ಏನೋ ಕಸಿವಿಸಿ. ಉಳಿದ ಊರುಗಳಲ್ಲೂ ಪಟ್ಟಿ ಕಟ್ಟಿಕೊಂಡವರಿದ್ದರು. ಹುಬ್ಬಳ್ಳಿಯ ಒಬ್ಬ ಮೇಷ್ಟ್ರು ಅದನ್ನು ಕಟ್ಟಿಕೊಂಡು ತುಂಬಿದ ಬಸ್ಸಿನಲ್ಲಿ ಗೊರಕೆ ಹೊಡೆದಿದ್ದರು. ಬೆಳಗಾವಿಯ ಒಬ್ಬ ವಕೀಲರು ಸ್ನಾನಕ್ಕೂ ಅದನ್ನು ಬಿಚ್ಚುತ್ತಿರಲಿಲ್ಲ. ಒಂದು ದಿನ ಮಾರ್ಕೆಟ್ಟಿನ ನಡುವೆ ಪಟ್ಟಿಯ ಬ್ಯಾಟರಿ ಮುಗಿದು, ಕಾಯಿಪಲ್ಲೆ ಗಾಡಿಯ ಕೆಳಗೆ ಹೊಕ್ಕು ಕೂತ ಅವರನ್ನು ಜನ ಎತ್ತಿ ಮನೆ ಮುಟ್ಟಿಸಿದ್ದರು. ಪಟ್ಟಿಯಿದ್ದಾಗ ಅವರೆಲ್ಲರ ಎದೆಬಡಿತದ ವೇಗ ತೋರಿಸುವ ಗೆರೆ ಒಂದೇ ಮಟ್ಟ. ಶಾಕವ್ವನ ಗೆರೆ ಮಾತ್ರ ದಿನವೂ ಗುಡ್ಡ ಹತ್ತಿ ಇಳಿಯುತ್ತಿತ್ತು. ಪಟ್ಟಿ ಅಂಜಿಕೆ ತಡೆಯುತ್ತಿದ್ದರೆ ಈ ಗುಡ್ಡ ಎಲ್ಲಿಂದ ಬಂತು?

ಉತ್ತರ ಸಿಕ್ಕದ್ದು ಇನ್ನೊಂದು ಅಮಾವಾಸ್ಯೆಗೆ. ಆ ಹೊತ್ತಿಗೆ ಶಾಕವ್ವ ವ್ಯಾನಿನ ತನಕ ಬರಬಲ್ಲವಳಾಗಿದ್ದಳು. ದಿನವೂ ಹೊರಡುವ ಮೊದಲು ಮನೆಯಲ್ಲಿ ಒಂದು ಅಳತೆ ತೆಗೆದಿಡುತ್ತಿದ್ದರು, ಅಂದು ಬರಿಯ ಅಳತೆಗೆಂದೇ ಮನೆಯಲ್ಲಿ ಪಟ್ಟಿ ಕಟ್ಟಿ ಕೂಡಿಸಿದ್ದರು. ಆಮೇಲೆ ಅವಳು ಬೆವರೊರೆಸಿಕೊಳ್ಳುತ್ತ ಬಂದು ವ್ಯಾನಿನ ಬೆಂಚಿನ ಮೇಲೆ ಕೂತಳು. ಗೋಡೆತುಂಬ ಪರದೆಗಳು, ಪರದೆತುಂಬ ಹಸಿರು ಗೆರೆಗಳು. ಪ್ರಹ್ಲಾದ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ಬಾಯಿ ತೆರೆದು ನೋಡುತ್ತಿದ್ದ.

“ಮೇಡಂ, ಮೊದಲನೇ ದಿನಾ ಅಳದ ಮನೀ, ಇವತ್ತಿನ ಮನೀ ಥೇಟ್ ಒಂದೇ ಅದ. ನಡುವಿನ ದಿನದ್ದು ಯಾವುದೂ ಕೂಡೂದಿಲ್ಲ. ಅವೆಲ್ಲಾ ಬ್ಯಾರೇನ ಅವ, ಭಾಳ ಶಾಂತ ಅವ. ಇವೆರಡೂ ದಿನಾ ಬರೇ ಅಂಜಿಕಿ!”

“ಅವತ್ತೂ ಅಮಾಸಿ, ಇವತ್ತೂ ಅಮಾಸಿ ಅಲ್ಲೇನ್ರಿ,” ಅಂದಳು ಶಾಕವ್ವ, ಅದೇನು ದೊಡ್ಡ ಮಾತು ಅನ್ನುವ ಹಾಗೆ. “ಮಗ್ಗ ಬಂದ್ ಇರ್ತಾವ. ಆ ಸಪ್ಪಳ ಇರಲಿಲ್ಲಂದ್ರ ನಂಗ ಜೀವದಾಗ ಜೀವ ಇರಂಗಿಲ್ಲ. ಮೊದಲ ಸಲಾ ಬಯಲಾಗ ಆದದ್ದೂ ಅಮಾಸಿ ದಿನಾನ.”

ಪ್ರಹ್ಲಾದ ತಟ್ಟನೆ ಅವಳ ಕಡೆ ತಿರುಗಿದ.

“ಅವತ್ತ ನಾ ಕೇಳಿದ್ನೆಲ್ರೀ! ಆರಾಮ ಇದ್ದೀರೇನು ಅಂತ!” ಪ್ರಹ್ಲಾದನ ದನಿ ಕೀರಲಾಯಿತು.

“ಕೇಳಿದ್ರಿ.”

“ಆರಾಮ ಅಂದ್ರೆಲ್ರೀ!”

“ಕೇಳಿದವ್ರಿಗೆ ಮತ್ತೇನಂತಾರ್ರಿ?”

ತಸ್ನೀಮ್ ಮೊದಲು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತ ನಗುತ್ತಲೇ ಶಾಕವ್ವನನ್ನು ಹೊಸದಾಗಿ ಕಂಡವರ ಹಾಗೆ ನೋಡಿದರು.

“ನಾವು ನಿಮ್ಮ ತಲಿಗೆ ನೆಮ್ಮದಿ ಕಟ್ಟೀವಿ ಅಂತ ತಿಳಕೊಂಡಿದ್ವಿ. ಕಟ್ಟಿದ್ದು ನಿಮ್ಮ ಎಲ್ಲಾಕ್ಕಿಂತ ಕೆಟ್ಟ ದಿನಾನ. ಆ ದಿನಾ ಹೊತಗೊಂಡು ನೀವು ಇಡೀ ಓಣಿ ತಿರಗೀರಿ ಶಾಕವ್ವಾರ. ದಿನಾ ಏರಿಸಿಕೊಂಡು, ದಿನಾ ಇಳಿಸಿಕೊಂಡು. ಯಂತ್ರ ಏನೂ ಮಾಡಿಲ್ಲ. ಮಾಡಿದ್ದೆಲ್ಲಾ ನೀವು.”

ಶಾಕವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೂಸನ್ನು ಹೆದರಿಸುವ ಗುಮ್ಮನನ್ನು ತಾನೇ ಬಗಲಲ್ಲಿ ಎತ್ತಿಕೊಂಡು ತಿರುಗಿದೆನಲ್ಲ ಅಂದುಕೊಂಡಳು.

ಪ್ರಹ್ಲಾದ ಪಾಪ, ಕುಗ್ಗಿಹೋದ. ಆದರೂ ಬಿಡಲಿಲ್ಲ. “ನಾಳೆ ಮಗ್ಗಾ ನಡಿಯೋ ದಿನಾ ಮತ್ತ ಅಳೀತೇನ್ರಿ. ಖರೇ ನೆಮ್ಮದಿ ಹಿಡದು ಕೊಡ್ತೇನಿ. ಅದನ್ನ ಕಟಗೊಂಡ್ರ ಬಯಲು ಏನು, ಬೊಂಬಾಯಿಗೂ ಹೋಗಬಹುದು, ಅಂಜಿಕಿ ಬರೂದ ಇಲ್ಲ.”

“ಬಿಚ್ಚಿದ್ರ?” ಕೇಳಿದಳು ಶಾಕವ್ವ.

ಪ್ರಹ್ಲಾದ ಕನ್ನಡಕ ತೆಗೆದ. ಉತ್ತರ ತಸ್ನೀಮರಿಂದ ಬಂತು. “ಬಿಚ್ಚಿದ್ರ ಇದ್ದಲ್ಲೇ. ಬೆಳಗಾವಿ ವಕೀಲ್ರ ಕತಿ ಹೇಳೀನೆಲ್ಲ. ಆದ್ರ ಕೆಲವರಿಗೆ ಅಷ್ಟಾದ್ರೂ ಬೇಕಾಕ್ಕೈತಿ, ತಪ್ಪಿಲ್ಲ. ಊರುಗೋಲು ಹಿಡಿಯೂದು ನಾಚಿಕಿ ಅಲ್ಲ. ನೀವು ವಿಚಾರ ಮಾಡ್ರಿ.”

ವಿಚಾರ ಮಾಡಲು ಹೊತ್ತಿರಲಿಲ್ಲ. ಗಜೇಂದ್ರಗಡದವರು ಹೇಳಿಕಳಿಸಿದ್ದರು. ಮುಂದಿನ ಅಮಾವಾಸ್ಯೆಗೆ ಸೂರ್ಯಗ್ರಹಣ, ಅದು ಕಳೆದ ಮರುದಿನ ಬರುತ್ತೇವೆ, ಹೂಂ ಅನ್ನಿ ಇಲ್ಲ ಉಹೂಂ ಅನ್ನಿ, ಮೂರನೆಯ ಸಲ ಮುಹೂರ್ತ ಮುಂದೂಡಲು ನಮ್ಮಿಂದಾಗದು ಅಂತ. ಅವರದೂ ತಪ್ಪಲ್ಲ.

ದಾಕ್ಷಿ ರೊಟ್ಟಿ ಬಡಿಯುತ್ತಲೇ ಸಿಟ್ಟಿಗೆದ್ದಳು. “ಸರಳ ದಾರಿ ಐತೆಲ್ಲವ್ವಾ! ಹೊಸಾ ಪಟ್ಟಿ ಕಟಗೊಂಡ್ರ ಮುಗೀತು. ನೀ ಆರಾಮ, ನಾ ಆರಾಮ. ಯಾಕ ಬ್ಯಾಡಂತಿ?”

“ಇಷ್ಟ ದಿನಾ ನಿನ್ನ ಸೆರಗ ಹಿಡಕೊಂಡಿದ್ದೆ. ನಾಳಿಂದ ಪಟ್ಟಿ ಹಿಡಕೊಳ್ಳೂದು. ಹಗ್ಗ ಬದಲಾತು ದಾಕ್ಷಿ, ಗೂಟ ಅಲ್ಲೇ ಐತಿ.”

“ಹಂಗಾರ ನಾ ಹೋಗೂದ ಬ್ಯಾಡೇನು?”

ದಾಕ್ಷಿಯ ಕೈಯಲ್ಲಿನ ರೊಟ್ಟಿ ಹರಿಯಿತು. ಅವಳು ಅಳುವುದನ್ನು ನೋಡಿ ಶಾಕವ್ವನಿಗೆ ಕೂಡಲೇ ಪ್ರಹ್ಲಾದನನ್ನು ಕರೆದು ಪಟ್ಟಿ ಕಟ್ಟಿಸಿಕೊಂಡುಬಿಡಲೇ ಅನ್ನಿಸಿತು. ಬದಲಿಗೆ ಮಗಳ ಕೈಯಿಂದ ಹರಿದ ರೊಟ್ಟಿ ತೆಗೆದುಕೊಂಡಳು.

“ಹೋಗ್ತಿ,” ಅಂದಳು. “ಗ್ರಾಣದ ದಿನಾ ನಾ ಒಬ್ಬಾಕಿನ ಬಯಲು ದಾಟ್ತೀನಿ. ಪಟ್ಟಿ ಇಲ್ಲ, ನೀನೂ ಇಲ್ಲ. ದಾಟಿದ್ರ ಹೂಂ ಅನ್ನೂಣು. ನಂದು ಕೆಟ್ಟ ದಿನಾ ಅಂದ್ರ ಅಮಾಸಿ, ಕೆಟ್ಟ ಜಾಗಾ ಅಂದ್ರ ಬಯಲು. ಅವೆರಡೂ ಮುಗಿಸಿದ್ರ ಇನ್ನೇನ ಉಳೀತು?”

ಹೇಳುವಾಗ ಎದೆ ನಡುಗುತ್ತಿತ್ತು. ನಡುಗಲಿ ಅಂತ ಬಿಟ್ಟಳು.

ಗ್ರಹಣದ ದಿನ ಕರಿಮಟ್ಟಿಯನ್ನು ನೋಡಬೇಕಿತ್ತು ನೀವು! ಅದೂ ಅಂತಿಂಥ ಗ್ರಹಣವಲ್ಲ, ಖಗ್ರಾಸ, ಸೂರ್ಯ ಪೂರಾ ಮುಚ್ಚುವಂಥದ್ದು. ಎಷ್ಟು ವಿಜ್ಞಾನ ಬಂದರೇನು, ಡ್ರೈವರ್ ಇಲ್ಲದ ಗಾಡಿ ಬಂದರೇನು, ಬೆಳಿಗ್ಗೆಯಿಂದಲೇ ನೀರಿನ ಕೊಡಕ್ಕೆ, ಹಾಲಿನ ಗಡಿಗೆಗೆ ದರ್ಭೆ ಬಿದ್ದವು. ಒಲೆ ಆರಿದವು. ಬಸುರಿಯರನ್ನು ನಡುಮನೆಗೆ ಸೇರಿಸಿದರು. ಕಿಟಕಿಯ ಸಂದಿಗೆಲ್ಲ ಅರಿವೆ ತುರುಕಿದರು. ಶಾಕವ್ವ ಹೊರಗೆ ಬರುವುದಿಲ್ಲ ಅಂತ ನಕ್ಕ ಊರಿಗೆ ಊರೇ ಅಂದು ಕದ ಹಾಕಿಕೊಂಡು ಒಳಗೆ ಕೂತಿತ್ತು. ಮಗ್ಗಗಳ ಸದ್ದಿಲ್ಲ, ಮಕ್ಕಳ ಸದ್ದಿಲ್ಲ. ಆ ಮೌನದೊಳಗೆ ಒಂದು ಕದ ಕಿರ್ರೆಂದಿತು. ಶಾಕವ್ವ ಹೊಸ್ತಿಲು ದಾಟಿದಳು.

“ಏ ಶಾಕವ್ವ!” ಎದುರುಮನೆಯ ಕಿಟಕಿಯ ಸಂದಿಯಿಂದ ರುದ್ರವ್ವನ ಕಣ್ಣೊಂದೇ ಕಂಡಿತು. “ಗ್ರಾಣ ಹಿಡಿಯೂ ಹೊತ್ತಿನ್ಯಾಗ ಎಲ್ಲಿಗೆ ಹೊಂಟಿ? ತಲಿ ನೆಟ್ಟಗೈತೋ ಇಲ್ಲೋ?”

“ಆಕಾಶ ನೋಡಾಕ ಹೊಂಟೀನಿ.”

“ಆಕಾಶ ನೋಡಾಕ ನೂಕುನುಗ್ಗಲಾ? ನಾಳೆ ನೋಡಿದ್ರಾತು ಬಾ ಒಳಗ!”

“ಇವತ್ತ ನೂಕುನುಗ್ಗಲು ಇಲ್ಲ ನೋಡು ರುದ್ರವ್ವ. ಯಾರೂ ಇಲ್ಲ, ನಾ ಒಬ್ಬಾಕಿನ,” ಅಂದು ಶಾಕವ್ವ ನಡೆದಳು.

ನಡಿಗೆಯಲ್ಲಿ ಆ ಮಾತಿನ ಧೈರ್ಯವೇನೂ ಇರಲಿಲ್ಲ. ಗೋಡೆ ಸವರುತ್ತ ಸವರುತ್ತ ಓಣಿಯ ಕೊನೆಯ ಮನೆ ದಾಟಿದಳು. ಮುಂದೆ ಕರಿಮಣ್ಣಿನ ಬಯಲು, ಕಣ್ಣು ಹರಿಯುವ ತನಕ ಬರೀ ಬಯಲು. ಆಚೆ ತುದಿಯಲ್ಲಿ ಗುಡಿ, ಗುಡಿಯ ಪಕ್ಕ ಸಾಸಿವೆ ಕಾಳಿನಷ್ಟು ಕಾಣುವ ವ್ಯಾನು. ತಸ್ನೀಮ್ ಅಲ್ಲಿದ್ದರು. ಬೆಳಿಗ್ಗೆಯೇ ಗ್ರಹಣ ನೋಡುವ ಕಪ್ಪು ಕನ್ನಡಕ ಕೊಟ್ಟು, “ಸೂರ್ಯ ಪೂರಾ ಮುಚ್ಚೂ ಮಟಾ ಇದನ್ನ ಹಾಕ್ಕೊಳ್ದ ಮ್ಯಾಲೆ ನೋಡಬ್ಯಾಡ್ರಿ. ನಾ ಆ ಕಡೆ ಇರ್ತೀನಿ, ಆದ್ರ ನಿಮ್ಮ ಕಡೆ ಬರಂಗಿಲ್ಲ,” ಅಂದಿದ್ದರು.

ಬಯಲಂಚಿನ ಬೇವಿನ ಮರದ ಕೆಳಗೆ ಅವಳು ಒಮ್ಮೆ ನಿಂತಳು. ನೆರಳಲ್ಲಿ ಎಂದೂ ಗುಂಡಗೆ ಬೀಳುವ ಬಿಸಿಲ ಚುಕ್ಕೆಗಳು ಅಂದು ಗುಂಡಗಿರಲಿಲ್ಲ. ಮಣ್ಣಿನ ಮೇಲೆ ಸಾವಿರಾರು ಸಣ್ಣ ಕುಡುಗೋಲುಗಳು ಅಲುಗಾಡುತ್ತಿದ್ದವು. ಎಲೆಗಳ ಸಂದಿಯೆಲ್ಲ ಕಡಿದ ಸೂರ್ಯನನ್ನೇ ನೆಲಕ್ಕೆ ಇಳಿಸುತ್ತಿದ್ದವು. ಅವಳ ಸೆರಗಿನ ಮೇಲೂ ಬಿದ್ದವು. ಎಷ್ಟು ವರ್ಷ ದಡಿಯ ಚಿತ್ತಾರ ನೇಯ್ದರೂ ಇಂಥ ಚಿತ್ತಾರ ಅವಳ ಕೈಗೆ ಬಂದಿರಲಿಲ್ಲ. ಇದನ್ನು ನೋಡದೆ ಊರೆಲ್ಲ ಅರಿವೆ ತುರುಕಿಕೊಂಡು ಕೂತಿದೆಯಲ್ಲ ಅನ್ನಿಸಿ ಅವಳಿಗೆ ಊರಿನ ಮೇಲೆ ಕನಿಕರ ಹುಟ್ಟಿತು. ಬಯಲಿಗೆ ಕಾಲಿಟ್ಟಳು.

ಅಂಜಿಕೆ ಬಂತು. ಹಳೆಯ ನಂಟ, ದಾರಿ ತಪ್ಪಲಿಲ್ಲ. ಎದೆ ದಬದಬ ಅಂದಿತು, ಬೆರಳು ಜುಮ್ಮೆಂದವು. ಬೆಳಕು ಬೇರೆ ಒಂದು ಥರ ಬಾಡುತ್ತಿತ್ತು. ಸಂಜೆಯ ಬೆಳಕಲ್ಲ, ಸೋಸಿದಂಥ ಬೆಳಕು. ಗಾಳಿ ತಣ್ಣಗಾಯಿತು. ಗುಬ್ಬಿಗಳು ಗಾಬರಿಯಿಂದ ಬೇವಿನ ಮರಕ್ಕೆ ಮರಳಿದವು. ನಡುಬಯಲಿಗೆ ಬಂದಾಗ, ಅಂದು ಕಾಯಿ ಎಸೆದು ಓಡಿದ ಜಾಗಕ್ಕೇ ಬಂದಾಗ, ಕಾಲು ನಿಂತುಹೋದವು. ಹಿಂದೆ ಊರು ದೂರ, ಮುಂದೆ ಗುಡಿ ದೂರ, ಹಿಡಿಯಲು ಏನೂ ಇಲ್ಲ. ಓಡು ಅಂದಿತು ಮೈ. ಶಾಕವ್ವ ಓಡಲಿಲ್ಲ. “ಏರು,” ಅಂದಳು ಅಂಜಿಕೆಗೆ, ಗಟ್ಟಿಯಾಗಿ, ಮನುಷ್ಯರಿಗೆ ಹೇಳಿದ ಹಾಗೆ. “ಎಷ್ಟ ಏರತಿ ಏರು. ನೋಡ್ತೀನಿ.”

ಪಡುವಣ ಕಡೆಯಿಂದ ನೆರಳೊಂದು ಹೊಲಗಳನ್ನು ನುಂಗುತ್ತ ಓಡಿಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಅವಳ ಮೇಲೆ ಬಂತು, ಅವಳನ್ನು ದಾಟಿ ಹೋಯಿತು. ಹಗಲು ಆರಿತು.

ಇನ್ನು ಕನ್ನಡಕ ಬೇಕಿರಲಿಲ್ಲ, ಅವಳು ತಲೆ ಎತ್ತಿದಳು.

ಸೂರ್ಯನಿದ್ದ ಜಾಗದಲ್ಲಿ ಕಡುಕಪ್ಪು ಬಿಲ್ಲೆ. ಅದರ ಸುತ್ತ ಬೆಳ್ಳಿಯ ಬೆಳಕು, ಆಗತಾನೆ ಬಿಚ್ಚಿದ ರೇಷ್ಮೆಯ ಎಳೆಗಳು ಗಾಳಿಗೆ ಹಾರಿದ ಹಾಗೆ ಹೊರಗೆ ಹೊರಗೆ ಚಾಚಿತ್ತು. ಪಕ್ಕದಲ್ಲಿ ಬೆಳ್ಳಿಚುಕ್ಕಿ ಹಗಲಲ್ಲೇ ಹೊಳೆಯುತ್ತಿತ್ತು. ಅವಳು ತಿರುಗಿ ನೋಡಿದಳು. ಮೂಡಣಕ್ಕೂ ಕೆಂಪು, ಪಡುವಣಕ್ಕೂ ಕೆಂಪು, ತೆಂಕಣ ಬಡಗಣಕ್ಕೂ ಕೆಂಪು. ದಿಕ್ಕುದಿಕ್ಕಿಗೂ ಒಂದೇ ಹೊತ್ತಿಗೆ ಸಂಜೆಯಾಗಿತ್ತು, ಆ ಸಂಜೆಗಳ ನಡುವೆ ಅವಳೊಬ್ಬಳು ನಿಂತಿದ್ದಳು. ಇದು ಕಾಣಬೇಕಾದರೆ ಒಂದು ಗೋಡೆಯೂ ಇರಬಾರದು, ಒಂದು ಮರವೂ ಅಡ್ಡ ಬರಬಾರದು. ಇಷ್ಟು ವರ್ಷ ಅಂಜಿದ ಈ ಬೋಳುಬಯಲೇ ಬೇಕು. ಅಬ್ಬಾ, ಎಂದಳು. ಮತ್ತೆ ಅಬ್ಬಾ, ಎಂದಳು. ಬೇರೆ ಮಾತು ಬರಲಿಲ್ಲ, ಕಣ್ಣೀರು ಬಂತು. ಎದೆ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಅದು ಅಂಜಿಕೆಗೆ ಬಡಿದುಕೊಳ್ಳುತ್ತಿದೆಯೋ ಬೆರಗಿಗೋ ಅಂತ ಕಿವಿಗೊಟ್ಟು ಕೇಳಿದಳು, ಗೊತ್ತಾಗಲಿಲ್ಲ. ಎರಡಕ್ಕೂ ಇರುವುದು ಅದೇ ಒಂದು ಎದೆ.

“ಅವ್ವಾ!”

ಓಣಿಯ ಕೊನೆಯ ಮನೆಯ ಕಟ್ಟೆಯಲ್ಲಿ ದಾಕ್ಷಿ. ತಡೆಯಲಾರದೆ ಬೆನ್ನ ಹಿಂದೆಯೇ ಬಂದಿದ್ದಳು. ತಲೆತುಂಬ ಸೆರಗು ಹೊದ್ದು, ಕಣ್ಣು ನೆಲಕ್ಕೆ ಹಾಕಿ, ಕಟ್ಟೆಯ ಕಂಬವನ್ನು ಎರಡೂ ತೋಳಿನಿಂದ ತಬ್ಬಿಕೊಂಡಿದ್ದಳು.

“ಅವ್ವಾ, ಒಳಗ ಬಾ! ಕತ್ತಲ ಆತು, ಒಳಗ ಬಾರವ್ವಾ!”

ಮೌನದ ಬಯಲಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿತು. ಶಾಕವ್ವ ಮಗಳನ್ನು ನೋಡಿದಳು. ಆ ಕಂಬ ತಬ್ಬುವ ರೀತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ನೀನ ಹೊರಗ ಬಾ,” ಅಂತ ಕೂಗಿದಳು. “ಮ್ಯಾಲೆ ನೋಡು ದಾಕ್ಷಿ, ಲಗೂನ ನೋಡು! ಇನ್ನ ಸ್ವಲ್ಪ ಹೊತ್ತಿಗೆ ಮುಗದು ಹೋಕ್ಕೈತಿ. ಆಮ್ಯಾಲ ಅಳತಿ ನೋಡ್ಲಿಲ್ಲಂತ.”

“ನಂಗ ಅಂಜಿಕಿ ಆಕ್ಕೈತಿ!”

“ಆಗ್ಲಿ! ಏರತೈತಿ, ಇಳೀತೈತಿ. ನಾಳೆ ನಿಮ್ಮತ್ತಿ ಮಂದಿನ ಕರಕೊಂಡ ಬರಾಕ ಬಸ್‌ಸ್ಟ್ಯಾಂಡಿಗೆ ನಾನ ಹೋಗ್ತೀನಿ. ಮೊದಲ ಇಲ್ಲಿ ಬಾ.”

ಶಾಕವ್ವ ಮಗಳ ಕಡೆಗೆ ಹೋಗಲಿಲ್ಲ. ನಡುಬಯಲಲ್ಲೇ, ಕಪ್ಪು ಸೂರ್ಯನ ಕೆಳಗೆ, ಕೈ ಚಾಚಿ ನಿಂತಳು.

ದಾಕ್ಷಿ ತಲೆ ಎತ್ತಿದಳು. ಬಾಯಿ ತೆರೆದುಕೊಂಡಿತು. ಆಮೇಲೆ ಒಂದು ತೋಳು, ಆಮೇಲೆ ಇನ್ನೊಂದು ತೋಳು, ಅವಳು ಕಂಬ ಬಿಟ್ಟಳು.